ಬಾಗಿಲಿಗೆ ತಲಕಟ್ಟು

ಮಳೆ ನಿಂತು ಬಿಸಿಲು ಬಿದ್ದ ಬೆಳಿಗ್ಗೆ, ನಾನು ಪ್ಲಾಸ್ಟರ್ ಮಾಡಿದ ಗೋಡೆಯ ಮೇಲೆ ಇಲ್ಲದ ಬಾಗಿಲೊಂದು ಕಾಣಿಸಿಕೊಂಡಿತು.

ಟೀಚರ್ ಕಟ್ಟಿಸುತ್ತಿರುವ ಮನೆಯ ಬೀದಿ ಕಡೆಯ ಗೋಡೆ ಅದು. ಉಳಿದ ಭಾಗವೆಲ್ಲ ಒಣಗಿ ಬೆಳ್ಳಗಾಗಿದೆ. ನಡುವೆ ಮಾತ್ರ ಕಮಾನಿನಂಥ ದಪ್ಪ ಒದ್ದೆ ಪಟ್ಟಿ. ಸುತ್ತಲೂ ಒಂದೊಂದು ಬ್ಲಾಕಿನ ಗೆರೆಯೂ ತೆಳ್ಳಗೆ ಎದ್ದು ಕಾಣುತ್ತಿದೆ. ದಾರಿಯಲ್ಲಿ ಹೋಗುವವರೆಲ್ಲ ನಿಂತು, "ಇಲ್ಲಿ ಬಾಗಿಲಿತ್ತಾ? ಮುಚ್ಚಿಬಿಟ್ರಾ?" ಎಂದು ಕೇಳಿ ನನ್ನ ತಲೆ ತಿನ್ನುತ್ತಿದ್ದರು.

ನನ್ನ ಗಂಟಲು ಸ್ವಲ್ಪ ದೊಡ್ಡದು. ಅದಕ್ಕೇ ಸೈಟಿನಲ್ಲಿ ಎಲ್ಲರೂ ನನ್ನನ್ನು ಗುಡುಗು ಎನ್ನುತ್ತಾರೆ. ಪ್ಲಾಸ್ಟರ್ ತಂಡ ನನ್ನ ಅಣ್ಣನದು. ಈ ಹೊರಗೋಡೆ ಸರಿಯಾಗಿ ಬಂದರೆ ಮುಂದಿನ ಮನೆಗೆ ನಾನೇ ಮೇಸ್ತ್ರಿ ಎಂದು ಅವನು ಮಾತು ಕೊಟ್ಟಿದ್ದ. ಈಗ ಗೋಡೆ ನೋಡಿದ, ನನ್ನನ್ನೂ ನೋಡಿದ.

"ನಾಳೆಯಿಂದ ಒಳಗಿನ ಕೆಲಸ ನೋಡ್ಕೋ ಕಣೇ."

"ಅಣ್ಣಾ, ಇದು ನನ್ನ ಕೈಯ ತಪ್ಪಲ್ಲ."

"ಮತ್ತೆ ಯಾರ ಕೈಯದು? ನಾನು ಬಂದು ಬಳಿದ್ನಾ?"

ಮೈಯೆಲ್ಲ ಉರಿದುಹೋಯಿತು. ಒಳಗಿನ ಗೋಡೆ ನನಗೆ ಬೇಡ. ಬಿಸಿಲಿನಲ್ಲಿ ಬೊಂಬು ಕಟ್ಟಿದ ಸಾರುವೆ ಮೇಲೆ ನಿಂತು, ಊರೆಲ್ಲ ನೋಡುವ ಗೋಡೆಗೆ ಕರಣೆ ಎಳೆಯುವುದಿದೆಯಲ್ಲ, ಆ ಸುಖ ನನ್ನದು. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ನೇರ ಹಿತ್ತಿಲಿಗೆ ನಡೆದೆ. ಅಲ್ಲಿ ನಾವೆಲ್ಲ ಲೆವೆಲ್ ಎಂದು ಕರೆಯುವವನು ಕಾಂಪೌಂಡ್ ಕಟ್ಟುತ್ತಿದ್ದ.

ಈ ಮನೆಯ ಬ್ಲಾಕ್ ಕೆಲಸವೆಲ್ಲ ಅವನದೇ. ಚಹಾದ ಲೋಟ ಇಡುವ ಮೊದಲು ಹಲಗೆ ಸಮ ಇದೆಯಾ ಎಂದು ನೀರಿನ ಗುಳ್ಳೆಯ ಲೆವೆಲ್ ಪಟ್ಟಿ ಇಟ್ಟು ನೋಡುವ ಆಸಾಮಿ, ಅದಕ್ಕೇ ಆ ಹೆಸರು. ನಾನು ಹೊರಗೋಡೆ ಬಳಿಯುವಾಗ ಏನಾದರೊಂದು ನೆಪ ಹುಡುಕಿ ಬಂದು, ಗೋಡೆಗೆ ಲೆವೆಲ್ ಆನಿಸಿ ನಿಲ್ಲುತ್ತಿದ್ದ.

"ಗುಳ್ಳೆ ನೋಡು, ನನ್ನನ್ನಲ್ಲ," ಎಂದು ಮೇಲಿನಿಂದ ಗದರಿಸುತ್ತಿದ್ದೆ.

"ಎರಡೂ ನೋಡ್ತಿದೀನಿ," ಎನ್ನುತ್ತಿದ್ದ. ಆಗ ರೆಪ್ಪೆಯ ಮೇಲಿನ ಸಿಮೆಂಟ್ ಧೂಳಿನ ಅಡಿಯಿಂದ ಅವನ ಕಣ್ಣು ಮೆಲ್ಲಗೆ ಮೇಲೇರಿ, ನನ್ನ ಕಣ್ಣಿಗೆ ತಾಗಿದ ತಕ್ಷಣ ಗುಳ್ಳೆಗೆ ಇಳಿಯುತ್ತಿತ್ತು. ಅಷ್ಟಕ್ಕೇ ನನ್ನ ಕೈಯಲ್ಲಿದ್ದ ಗಾರೆ ಜಾರಿ ಅವನ ಚಪ್ಪಲಿಯ ಮೇಲೆ ಬಿದ್ದದ್ದೂ ಉಂಟು. ಬೇಕೆಂದೇ ಬೀಳಿಸಿದೆ ಎಂದು ಹೇಳಿಕೊಂಡಿದ್ದೆ.

ಇವತ್ತು ಅವನು ತಲೆಯೆತ್ತಲಿಲ್ಲ.

"ಬೀದಿ ಗೋಡೆಗೆ ಎಂಥ ಬ್ಲಾಕ್ ಹಾಕಿದ್ದೆ?"

"ಹಗುರದ್ದು."

"ಪೂರ್ತಿ?"

ಅವನು ಲೆವೆಲ್ಲನ್ನು ಬ್ಲಾಕಿನ ಮೇಲಿಂದ ಎತ್ತಿಬಿಟ್ಟ. ಗುಳ್ಳೆ ಮೂಲೆಗೆ ಓಡಿತು. "ನಡುನಡುವೆ ಕೆಲವು ಭಾರದ್ದು."

"ಹಗುರ ಬ್ಲಾಕ್ ನೀರನ್ನ ಗಟಗಟ ಕುಡಿಯುತ್ತೆ, ಮೇಲಿನ ಪ್ಲಾಸ್ಟರ್ ಬೇಗ ಒಣಗುತ್ತೆ. ಭಾರದ್ದು ಕುಡಿಯಲ್ಲ, ನೀರು ಪ್ಲಾಸ್ಟರಲ್ಲೇ ಕೂತು ಕಪ್ಪಾಗುತ್ತೆ. ನಿನಗೆ ಗೊತ್ತಿಲ್ವಾ?"

"ಗೊತ್ತು. ಆದ್ರೆ ನೀನು ಬಳಿದ ಮೇಲೆ ಏನೂ ಕಾಣಲ್ಲ ಅಂದ್ಕೊಂಡೆ."

ಹೊಗಳುತ್ತಿದ್ದಾನೋ ಬೈಯುತ್ತಿದ್ದಾನೋ ತಿಳಿಯಲಿಲ್ಲ. "ಹಗುರದ್ದು ಸಾಲದೇ ಬಂತಾ?"

"ಇಲ್ಲ."

"ಮತ್ತೆ ಯಾಕೆ?"

ಅವನ ಕಿವಿ ಕೆಂಪಾಗಿತ್ತು. "ರಸ್ತೆ ಆಚೆ ನಿಂತು ನೋಡು," ಎಂದ.

ರಸ್ತೆ ದಾಟಿದೆ. ಅಲ್ಲಿ ಟೀಚರ್ ಆಗಲೇ ಕನ್ನಡಕ ಏರಿಸಿಕೊಂಡು ನಿಂತಿದ್ದರು. ಒಂದನೇ ಕ್ಲಾಸಿಗೆ ಅಕ್ಷರ ಕಲಿಸಿಯೇ ಕೂದಲು ನರೆಸಿಕೊಂಡವರು.

"ಎಲ್ಲರೂ ಬಾಗಿಲು ಬಾಗಿಲು ಅಂತಿದಾರೆ," ಎಂದರು. "ಬಾಗಿಲಿಗೆ ಎಲ್ಲಾದ್ರೂ ತಲಕಟ್ಟು ಇರುತ್ತೇನಮ್ಮಾ?"

ನೋಡಿದೆ. ಕಮಾನಿನ ನೆತ್ತಿಯ ಮೇಲೆ ಬಲಕ್ಕೆ ಚಾಚಿದ ಒಂದು ಕೊಕ್ಕೆ. ಸಾರುವೆಯ ಮೇಲೆ ಗೋಡೆಗೆ ಮೂಗು ತಾಗಿಸಿ ನಿಂತವಳಿಗೆ ಇದು ಹೇಗೆ ಕಾಣಬೇಕು? ಬಾಗಿಲಲ್ಲ. ಆಳೆತ್ತರದ ಗ.

ಗುಡುಗಿನ ಗ.

ಎದೆಯೊಳಗೆ ಏನೋ ಉಕ್ಕಿ ಬಂತು. ಸುಳ್ಳೇಕೆ ಹೇಳಲಿ, ಖುಷಿಯೇ ಅದು. ನಾನು ಮುಟ್ಟಿ ಮುಟ್ಟಿ ಬಳಿದ ಗೋಡೆಯೊಳಗೆ ಇಷ್ಟು ದಿನ ನಾನೇ ಇದ್ದೆ! ಆದರೆ ಅದರ ಹಿಂದೆಯೇ ಸಿಟ್ಟೂ ಬಂತು, ಖುಷಿಗಿಂತ ದೊಡ್ಡದು.

ಅಷ್ಟರಲ್ಲಿ ಲೆವೆಲ್ ಬಂದು ನನ್ನ ಪಕ್ಕ ನಿಂತ. ಹಿಂದೆಯೇ ಅಣ್ಣ.

"ನೀನು ಬಳಿಯೋ ಗೋಡೆ," ಎಂದ ಲೆವೆಲ್ ಪಿಸುದನಿಯಲ್ಲಿ. "ಒಳಗೆ ನಿನ್ನ ಅಕ್ಷರ ಇರ್ಲಿ ಅನ್ನಿಸ್ತು. ಯಾರಿಗೂ ಕಾಣಲ್ಲ ಅಂತ ಧೈರ್ಯ ಮಾಡಿದೆ."

"ಕಾಣಲ್ಲ ಅಂತ ಗೊತ್ತಿದ್ರೆ ಮಾತ್ರ ಬರೋ ಧೈರ್ಯ ನನಗ್ಯಾಕೆ? ನನ್ನ ಕೆಲಸಕ್ಕೆ ಮಸಿ ಬಳಿದೆ. ಹೇಳೋದಿದ್ರೆ ಬಾಯಲ್ಲಿ ಹೇಳು. ಎಲ್ಲರಿಗೂ ಕೇಳೋ ಹಾಗೆ."

ಅವನು ಅಣ್ಣನನ್ನು ನೋಡಿದ, ಟೀಚರನ್ನು ನೋಡಿದ. ಲೆವೆಲ್ಲನ್ನು ನೆಲಕ್ಕಿಟ್ಟ. ಅಲ್ಲಿ ಸಮ ಇದೆಯಾ ಎಂದು ಮಾತ್ರ ನೋಡಲಿಲ್ಲ.

"ಟೀಚರ್, ಈ ಗೋಡೆ ಹಾಳಾಗಿದ್ದು ನನ್ನಿಂದ. ಬ್ಲಾಕ್ ಬೆರೆಸಿದ್ದು ನಾನು, ಇವಳದೇನೂ ತಪ್ಪಿಲ್ಲ." ಅಣ್ಣನ ಕಡೆ ತಿರುಗಿದ. "ಮೇಸ್ತ್ರಿ, ನನಗೆ ಗುಡುಗು ಅಂದ್ರೆ ಪ್ರಾಣ."

"ಕೇಳಿಸಲಿಲ್ಲ," ಎಂದೆ.

"ಗುಡುಗು ಅಂದ್ರೆ ನನಗೆ ಪ್ರಾಣ!" ಎದುರು ಮನೆಯ ಕಿಟಕಿ ತೆರೆಯಿತು.

ಅಣ್ಣ ನನ್ನ ತೋಳು ಹಿಡಿದು ಪಕ್ಕಕ್ಕೆಳೆದ. ಬ್ಲಾಕ್ ಕಟ್ಟುವವರು ಗೋಡೆ ಡೊಂಕು ಮಾಡುವವರು, ಅದನ್ನು ತಿದ್ದುತ್ತಾ ತನ್ನ ಆಯಸ್ಸೇ ಸವೆದುಹೋಯಿತು ಎನ್ನುವುದು ಅವನ ಹಳೆಯ ರಾಗ.

"ಬ್ಲಾಕಿನವನು ನಮ್ಮನೆ ಅಳಿಯನಾ? ಬೇರೆ ಮೇಸ್ತ್ರಿಗಳು ನನ್ನ ನೋಡಿ ನಗಲ್ವಾ? ನೋಡು, ಒಂದು ಮಾತು. ಮೇಲೊಂದು ಕೋಟ್ ಹೊಡೆದು ಇದನ್ನ ಮುಚ್ಚು. ಇವನನ್ನೂ ಮರೆತುಬಿಡು. ಮುಂದಿನ ಮನೆಗೆ ನೀನೇ ಮೇಸ್ತ್ರಿ."

ಅಣ್ಣನಿಗೆ ನಾನೇನು ಅಂತ ಗೊತ್ತಿದ್ದೂ ಹೀಗೆ ಕೇಳಿದನಲ್ಲ! ತೋಳು ಬಿಡಿಸಿಕೊಂಡೆ.

"ಬ್ಲಾಕ್ ಬೆರೆಸಿದ್ದು ಅವನು. ಗೋಡೆ ಎಲ್ಲ ಕಡೆ ಒಂದೇ ಸಮ ನೀರು ಹೀರೋ ಹಾಗೆ ಮೊದಲು ಒಂದು ಒರಟು ಕೋಟ್ ಎರಚೋಣ ಅಂತ ಬಡ್ಕೊಂಡೆ. ಅದು ಸುಮ್ಮನೆ ತಡ ಅಂತ ಬೇಡ ಅಂದಿದ್ದು ನೀನು. ಆ ಕೋಟ್ ಇದ್ದಿದ್ರೆ ಗೆರೆನೂ ಕಾಣ್ತಿರಲಿಲ್ಲ, ಅಕ್ಷರನೂ ಕಾಣ್ತಿರಲಿಲ್ಲ. ಶಿಕ್ಷೆ ಮಾತ್ರ ನನಗಾ? ಹೊರಗೋಡೆನೂ ನಂದೇ, ಅವನೂ ನನ್ನವನೇ. ಒಂದು ಕೊಟ್ಟು ಒಂದು ತಗೊಳ್ಳೋಕೆ ನಾನು ಸಂತೆಗೆ ಬಂದಿಲ್ಲ."

ಅಣ್ಣ ಟೀಚರ್ ಕಡೆ ಕಳ್ಳನೋಟ ಬೀರಿದ. ಮೊದಲ ಕೋಟಿನ ಸಂಗತಿ ಟೀಚರ್ ಮುಂದೆ ಬಂದದ್ದು ಅವನಿಗೆ ಚುರುಕ್ ಎಂದಿತ್ತು.

"ಗೋಡೆ ಹಾಗೇ ಇರ್ಲಿ ಬಿಡಮ್ಮಾ," ಎಂದರು ಟೀಚರ್, ನಗು ತಡೆದುಕೊಳ್ಳುತ್ತಾ. "ನನಗಂತೂ ಚೆನ್ನಾಗಿದೆ. ತಲಕಟ್ಟು ಸ್ವಲ್ಪ ವಾಲಿದೆ, ಅಷ್ಟೇ."

ಲೆವೆಲ್ಲಿನ ಮುಖ ಸಣ್ಣಗಾಯಿತು. ಎಲ್ಲರೆದುರು ಪ್ರಾಣ ಎಂದು ಕೂಗಿದವನಿಗೆ ಈ ಮಾತಿಗೆ ಹೆಚ್ಚು ನಾಚಿಕೆ.

"ಇಲ್ಲ ಟೀಚರ್," ಎಂದೆ. "ನನ್ನ ಗೋಡೆಯಲ್ಲಿ ಬ್ಲಾಕ್ ಕಾಣಬಾರದು. ಅದು ನನ್ನ ಹೆಸರೇ ಆದ್ರೂ."

ಮಾರನೆಯ ದಿನವೇ ಸಾರುವೆ ಮತ್ತೆ ಎದ್ದಿತು. ಹಳೆಯ ಪ್ಲಾಸ್ಟರನ್ನೆಲ್ಲ ಕಿತ್ತೆವು. ಒಳಗಿದ್ದ ಭಾರದ ಬ್ಲಾಕಿನ ಆ ಅಕ್ಷರವನ್ನು ಒಮ್ಮೆ ಅಂಗೈಯಿಂದ ಸವರಿದೆ, ಯಾರೂ ನೋಡದಾಗ ಅಲ್ಲ, ಅಣ್ಣ ನೋಡುತ್ತಿರುವಾಗಲೇ. ಆಮೇಲೆ ಒರಟು ಕೋಟ್ ಎರಚಿದೆ. ಅದು ಗಟ್ಟಿಯಾಗುವ ತನಕ ಯಾರ ಅವಸರಕ್ಕೂ ಕರಣೆ ಎತ್ತಲಿಲ್ಲ. ಲೆವೆಲ್ ತನ್ನ ಕೆಲಸ ಮುಗಿಸಿ ಬಂದು ಗಾರೆ ಕಲಸಿಕೊಟ್ಟ. ಕೊಡುವಾಗಲೆಲ್ಲ ಬೆರಳು ತಾಗಿಸಿದ.

"ಗಾರೆ ನೋಡು," ಎಂದೆ.

"ನೋಡಲ್ಲ," ಎಂದ. ಈಗ ಅವನ ಕಣ್ಣು ಕೆಳಗಿಳಿಯುತ್ತಿರಲಿಲ್ಲ. ನಾನೇ ಮುಖ ತಿರುಗಿಸಬೇಕಾಯಿತು.

ಮತ್ತೆ ಮಳೆ ಬಂತು. ಮರುದಿನ ಬಿಸಿಲಿಗೆ ನಾವೆಲ್ಲ ರಸ್ತೆಯ ಆಚೆ ನಿಂತೆವು. ಗೋಡೆ ಇಡಿಯಾಗಿ ಒದ್ದೆಯಾಗಿತ್ತು, ಇಡಿಯಾಗಿ ಒಣಗುತ್ತಾ ಬಂತು. ಎಲ್ಲೂ ಒಂದು ಗೆರೆಯಿಲ್ಲ. ಟೀಚರ್ ಮಾತ್ರ ಏನೋ ಕಳೆದುಕೊಂಡವರ ಹಾಗೆ ಅಲ್ಲೇ ಹುಡುಕುತ್ತಿದ್ದರು.

"ಸದ್ಯ, ಈಗ ಏನೂ ಕಾಣಲ್ಲ," ಎಂದು ಅಣ್ಣ ಉಸಿರು ಬಿಟ್ಟ. "ಆಯ್ತು, ಮುಂದಿನ ಮನೆಗೆ ನೀನೇ ಮೇಸ್ತ್ರಿ."

"ಹಾಗಾದ್ರೆ ಬ್ಲಾಕ್ ಯಾರು ಕಟ್ಟಬೇಕು ಅಂತಾನೂ ನಾನೇ ಹೇಳ್ತೀನಿ." ಪಕ್ಕದಲ್ಲಿದ್ದ ಲೆವೆಲ್ಲಿನ ಕೈ ಹಿಡಿದು, ಬೆರಳಿಗೆ ಬೆರಳು ಹೆಣೆದು, ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿದೆ. ಸಿಮೆಂಟಿಗೆ ಒಡೆದ ಒರಟು ಕೈ, ನನ್ನದರ ಹಾಗೆಯೇ.

"ಬಿಡೇ, ಬೀದಿ ಕಣೇ ಇದು! ಜನ ನೋಡ್ತಾರೆ!"

"ನೋಡ್ಲಿ ಅಣ್ಣಾ," ಎಂದೆ. "ಇದರ ಮೇಲೆ ನಾನು ಯಾವ ಕೋಟೂ ಹೊಡೆಯಲ್ಲ."