ಹದಿನೆಂಟನೆಯ ಸಾಲಿನ ಸಾವು

"ನಮ್ಮತ್ತೆಗೆ ನಾನು ವಿಷ ಹಾಕಿಲ್ಲ ಅಂತ ಯಾರಾದ್ರೂ ಬರೆದುಕೊಡ್ತೀರಾ?"

ಬಾಗಿಲಲ್ಲಿ ನಿಂತ ಹೆಂಗಸು ಕೇಳಿದ್ದು ಇಷ್ಟೇ. ನನ್ನ ಭಾವ, ನಿವೃತ್ತ ಇನ್‌ಸ್ಪೆಕ್ಟರ್, ಪೇಪರು ಮಡಚಿಟ್ಟರು. ನನಗೆ ಆಗಲೇ ಸುಸ್ತಾಯಿತು. ಅಕ್ಕನ ಗಂಡನ ಚೀಲ ಹೊತ್ತು ಮೂವತ್ತು ವರ್ಷ ಅಲೆದವನಿಗೆ ಹೊಸ ಕೇಸು ಎಂದರೆ ಹಳೇ ಮಂಡಿನೋವು.

ಆಕೆಯ ಅತ್ತೆ ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರಿರಲಿಲ್ಲ. ದಹನವಾಗಿ ಹತ್ತು ದಿನಕ್ಕೆ ಆಸ್ಪತ್ರೆಯಿಂದ ಬಂದ ಮರಣ ದೃಢೀಕರಣ ಪತ್ರದಲ್ಲಿ ಕಾರಣ 'ವಿಷ' ಎಂದಿತ್ತು. ಊಟ ಬಡಿಸಿದವಳು ಈಕೆ. ಪೊಲೀಸರು ನಾಳೆ ಠಾಣೆಗೆ ಬಾ ಎಂದಿದ್ದರು.

"ನನ್ನ ಗಂಡ ಬೈಯೋದೂ ಇಲ್ಲ ಸಾರ್. ಬೈದಿದ್ರೆ ವಾಸಿಯಿತ್ತು."

ಆಸ್ಪತ್ರೆಯಲ್ಲಿ ಡಾಕ್ಟರು ಹಣೆ ಒತ್ತಿಕೊಂಡರು. "ವಿಷ ಅಂತ ನಾನು ಬರೆದಿಲ್ಲ. ಏನು ಬರೆದೆ ಅಂತಾನೂ ನೆನಪಿಲ್ಲ. ಅವತ್ತು ಏಳು ಹೆಣ ನೋಡಿದ್ದೀನಿ ಕಣ್ರೀ." ಅವರು ಕಾರಣ ಬರೆದುಕೊಟ್ಟ ಚೀಟಿಯೂ ಸಿಗಲಿಲ್ಲ.

ಗುಮಾಸ್ತ ರಿಜಿಸ್ಟರ್ ತೆಗೆದ. ಹದಿನಾರನೆಯ ಸಾಲು ಕಪ್ಪು ಶಾಯಿಯಲ್ಲಿ: 'ಕಾರಣ ತಿಳಿದಿಲ್ಲ'. ಹದಿನೇಳನೆಯದು ನೀಲಿ: ಯಾರೋ ಅಪರಿಚಿತ, 'ವಿಷ'. ಹದಿನೆಂಟರಲ್ಲಿ ಅತ್ತೆಯ ಹೆಸರು, ಮತ್ತೆ ಕಪ್ಪು. ಕಾರಣದ ಜಾಗದಲ್ಲಿ ಎರಡು ಪುಟ್ಟ ಗೀಟು, 'ಮೇಲಿನಂತೆ' ಎಂಬ ಗುರುತು.

"ಕಪ್ಪು ಪೆನ್ನು ಎಲ್ಲಿ?" ಎಂದರು ಭಾವ.

"ಅವತ್ತು ಸಂಜೇನೇ ಖಾಲಿ ಆಯ್ತು ಸಾರ್."

ಭಾವ ಆ ದಾಖಲೆ ಕೋಣೆಗೇ ಗಂಡನನ್ನೂ ಡಾಕ್ಟರನ್ನೂ ಕರೆಸಿದರು. ಸೊಸೆ ಗೋಡೆಗೆ ಒರಗಿ ನಿಂತಿದ್ದಳು.

"ಹೆಣ ಬಂದ ಸರದಿಯಲ್ಲಿ ಒಂದೊಂದಕ್ಕೂ ಒಂದು ಸಾಲು ಕಾದಿಡೋದು ಈ ಗುಮಾಸ್ತನ ಪದ್ಧತಿ," ಎಂದರು ಭಾವ. "ಅಪರಿಚಿತನ ಪೊಲೀಸ್ ಕಾಗದ ಬಂದಿರಲಿಲ್ಲ. ಹದಿನೇಳು ಖಾಲಿ ಬಿಟ್ಟ. ಅಜ್ಜಿದು ಹದಿನೆಂಟರಲ್ಲಿ ಬರೆದ, ಅದೇ ಕಪ್ಪು ಶಾಯಿ. ಆಗ ಆ ಗೀಟಿಗೆ ಮೇಲಿದ್ದದ್ದು ಹದಿನಾರರ 'ತಿಳಿದಿಲ್ಲ' ಮಾತ್ರ. ಮಾರನೇ ದಿನ ಕಾಗದ ಬಂತು. ನೀಲಿ ಪೆನ್ನಲ್ಲಿ ಮಧ್ಯ ವಿಷ ತುಂಬಿದ. ದೃಢೀಕರಣ ಪತ್ರ ಮಾಡಿದವರು ಮೇಲಿನ ಸಾಲು ನೋಡಿ ಇಳಿಸಿಕೊಂಡ್ರು."

ಗುಮಾಸ್ತನ ಮುಖ ಬಿಳಚಿಕೊಂಡಿತು. "ಅಯ್ಯೋ, ಹೌದು ಸಾರ್. ಡಾಕ್ಟ್ರ ಚೀಟೀಲೂ ತಿಳಿದಿಲ್ಲ ಅಂತಲೇ ಇತ್ತು. ಕೈ ಸೋತಿತ್ತು, ಗೀಟು ಹಾಕಿಬಿಟ್ಟೆ."

"ಠಾಣೆಗೆ ನಾನು ಹೇಳ್ತೀನಿ. ಇವತ್ತೇ ತಿದ್ದಿ," ಎಂದರು ಭಾವ.

ಅಬ್ಬಾ, ಮುಗಿಯಿತು ಎಂದು ನಾನು ಚೀಲ ಎತ್ತಿಕೊಂಡೆ. ಆಗ ಗಂಡ ಮೊದಲ ಸಲ ಬಾಯಿಬಿಟ್ಟ. "ಹಾಗಾದ್ರೆ ಅಮ್ಮ ಸತ್ತಿದ್ದು ಯಾತರಿಂದ?"

"ಗೊತ್ತಿಲ್ಲ," ಎಂದರು ಡಾಕ್ಟರು. "ಹೃದಯವೋ, ಮೆದುಳೋ. ಇನ್ನು ಗೊತ್ತಾಗೋದೂ ಇಲ್ಲ."

"ವಿಷ ಅಲ್ಲವೇ ಅಲ್ಲ ಅಂತ ಹೇಳ್ತೀರಾ?"

ಡಾಕ್ಟರು ರಿಜಿಸ್ಟರ್ ಮುಚ್ಚಿ ಗುಮಾಸ್ತನ ಕಡೆ ಸರಿಸಿದರು. "ಅನುಮಾನ ಪಡೋಕೆ ಏನೂ ಕಾಣಲಿಲ್ಲ. ಅಷ್ಟೇ ಹೇಳಬಲ್ಲೆ."

ಗಂಡ ತಲೆ ತಗ್ಗಿಸಿದ. ಸೊಸೆ ಅವನನ್ನೇ ನೋಡುತ್ತಿದ್ದಳು. ನಾನು ಚೀಲ ಮತ್ತೆ ಕೆಳಗಿಟ್ಟೆ.

"ಅವರನ್ನ ಯಾಕೆ ಕೇಳ್ತೀರಿ?" ಎಂದಳು ಆಕೆ. "ಹನ್ನೆರಡು ವರ್ಷ ನನ್ನ ಜೊತೆ ಇದ್ದದ್ದು ನೀವು."