ಜೀಪಿನ ಕಂಬಿಯ ಮೂರು ಬೀಗ

ಡಿಸೆಂಬರ್ ತಿಂಗಳ ಎರಡನೆಯ ಸೋಮವಾರ. ಬೆಳಿಗ್ಗೆ ಆರೂವರೆಗೆ ದುವ್ವಾಡ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ತೆಲುಗು ಎರಡು ವಾಕ್ಯಕ್ಕೇ ಮುಗಿಯಿತು. ಮೂರನೆಯ ವಾಕ್ಯ ಕನ್ನಡದಲ್ಲಿ ಬಂತು. ಇನ್ಸ್‌ಪೆಕ್ಟರ್ ಲಕ್ಷ್ಮೀಪ್ರಸನ್ನ ಕೈಯಲ್ಲಿದ್ದ ಚಹಾ ಕೆಳಗಿಟ್ಟರು. ಅವರ ಊರು ಕನ್ನಡ ನಾಡಿನ ಗಡಿಗೆ ಅಂಟಿದ ಮಡಕಶಿರ. ಅಲ್ಲಿ ಮನೆಯೊಳಗಿನ ಮಾತು ಕನ್ನಡವೇ.

"ಕನ್ನಡದಲ್ಲೇ ಹೇಳಮ್ಮ. ಕೂತ್ಕೊಂಡು ಹೇಳು."

ಹೆಂಗಸಿನ ಹೆಸರು ಕಮಲಾಕ್ಷಿ, ಊರು ಗದಗ. ಗಂಡ ರಮಾಕಾಂತ ಪರವಾಡದ ಔಷಧ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿ. ಭಾನುವಾರ ಇಬ್ಬರು ಗೆಳೆಯರೊಡನೆ ಅನಂತಗಿರಿ ಕಡೆಯ ಎದ್ದುಮೂಪು ಬೆಟ್ಟಕ್ಕೆ ಹೋಗಿದ್ದ. ಗೆಳೆಯರು ಸಂಜೆ ಮರಳಿದರು. ಅವನು ಬರಲಿಲ್ಲ.

"ಕೂಡ ಹೋದವ್ರು ಏನಂತಾರೆ?"

"ಮೊದ್ಲ ಇಳದು ಬಸ್ ಹತ್ತಿದ, ವಿಜಯವಾಡಕ್ಕ ಹೋದ ಅಂತಾರ್ರೀ. ಮಂಗಳವಾರ ಅಲ್ಲಿ ಫ್ಯಾಕ್ಟರಿ ವಿಚಾರಣಿ ಐತಿ, ಖರೆ. ಆದ್ರ ಫೋನ್ ಬರೇ ರಿಂಗ್ ಆಗ್ತದ, ಎತ್ತಂಗಿಲ್ಲ."

"ಗಂಡ-ಹೆಂಡ್ತಿ ಜಗಳ ಏನಾದ್ರೂ?"

"ಇಲ್ರೀ." ಕಮಲಾಕ್ಷಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ವಿಚಾರಣಿಗಂತ ಇಸ್ತ್ರಿ ಮಾಡಿಸಿದ ಅಂಗಿ ಮನ್ಯಾಗ ಐತಿ. ಗುಡ್ಡದ ಮಣ್ಣು ಮೆತ್ತಿದ ಅಂಗಿ ಮ್ಯಾಲ ಸಾಹೇಬ್ರ ಮುಂದ ನಿಂದ್ರೋ ಮನಷ್ಯಾ ಅಲ್ರೀ ಅವ್ರು."

ಅಂಗಿಯ ಮಾತು ಇನ್ಸ್‌ಪೆಕ್ಟರ್ ಮನಸ್ಸಿಗೆ ಹತ್ತಿತು. ಕಾಣೆಯಾದ ವ್ಯಕ್ತಿ ಎಂದು ಎಫ್‌ಐಆರ್ ದಾಖಲಾಯಿತು. ಎಂಟು ಗಂಟೆಯ ಹೊತ್ತಿಗೆ ರಮಾಕಾಂತನ ಫೋನು ಎಲ್ಲಿದೆ ಎಂಬ ಮಾಹಿತಿಯೂ ಬಂತು: ವಿಜಯವಾಡ, ಗಾಂಧಿನಗರ.

"ಮೇಡಂ, ಆಸಾಮಿ ಅಲ್ಲೇ ಯಾವುದೋ ಲಾಡ್ಜಲ್ಲಿ ಹಾಯಾಗಿ ಮಲಗಿರ್ತಾನೆ" ಎಂದ ಕಾನ್‌ಸ್ಟೇಬಲ್ ಸಿಂಹಾಚಲಂ.

"ಹಾಗಾದರೆ ಹೋಗಿ ಎಬ್ಬಿಸು. ಮುಂದಿನ ರೈಲು ಹಿಡಿ."

ಸಿಂಹಾಚಲಂ ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಸ್ಟೇಷನ್ನಿಗೆ ಓಡಿದ. ಇನ್ಸ್‌ಪೆಕ್ಟರ್ ಬೆಟ್ಟಕ್ಕೆ ಹೋದ ಗೆಳೆಯರಲ್ಲೊಬ್ಬನಾದ ಶಶಾಂಕನಿಗೆ ಫೋನು ಮಾಡಿದರು. ಅದೇ ಕಾರ್ಖಾನೆಯ ಎಂಜಿನಿಯರ್. ವಿಚಾರಣೆಗೆಂದು ಅವನೂ ಭಾನುವಾರ ಸಂಜೆಯೇ ದುವ್ವಾಡದಿಂದ ವಿಜಯವಾಡದ ರೈಲು ಹತ್ತಿದ್ದ.

"ರಮಾಕಾಂತ ಬಸ್ಸು ಹತ್ತಿದ್ದನ್ನು ನೀವು ನೋಡಿದ್ರಾ?"

"ನೋಡಿದೆ ಮೇಡಂ."

"ನಿಮಗಿಂತ ಮೊದಲು ಹೊರಟವರು ನಿಮಗೆ ಅಲ್ಲಿ ಸಿಗಲಿಲ್ವಾ?"

"ಇಲ್ಲ ಮೇಡಂ. ನಾನೂ ಹುಡುಕ್ತಾ ಇದೀನಿ."

ಮೂರನೆಯವನು ಧನಂಜಯ. ತುಮಕೂರಿನವನು, ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ, ಜೀಪಿನ ಮಾಲೀಕ. ಮನೆಯ ಮುಂದೆಯೇ ಪ್ರಶ್ನಿಸಿದಾಗ, ರಮಾಕಾಂತ ಬಸ್ಸು ಹತ್ತಿದ್ದನ್ನು ತಾನು ನೋಡಿಲ್ಲ, ಶಶಾಂಕ ಹೇಳಿದ್ದು ಎಂದ.

"ಗೆಳೆಯನನ್ನು ಕಣ್ಣಾರೆ ನೋಡದೆ ಜೀಪು ಹೇಗೆ ಹೊರಡಿಸಿದ್ರಿ?"

"ಬೀಗ ಇರ್ಲಿಲ್ಲ ಮೇಡಂ. ಬೀಗ ಇದ್ದಿದ್ರೆ ನಾನು ಎಂಜಿನ್ ಮುಟ್ತಾನೇ ಇರ್ಲಿಲ್ಲ!"

"ಯಾವ ಬೀಗ?"

ಧನಂಜಯ ವಿವರಿಸಿದ. ಕಾರ್ಖಾನೆಯಲ್ಲಿ ಯಂತ್ರದೊಳಗೆ ಇಳಿಯುವವನು ಮೊದಲು ಅದರ ಸ್ವಿಚ್ಚಿಗೆ ತನ್ನ ಸ್ವಂತ ಕೆಂಪು ಬೀಗ ಹಾಕಬೇಕು. ಕೀಲಿ ಒಂದೇ, ಅದು ಅವನ ಕೊರಳಲ್ಲಿ. ಅವನು ಹೊರಗೆ ಬಂದು ತೆಗೆಯುವವರೆಗೆ ಆ ಯಂತ್ರವನ್ನು ಯಾರೂ ಚಾಲೂ ಮಾಡುವಂತಿಲ್ಲ. ಅದೇ ಪದ್ಧತಿಯನ್ನು ರಮಾಕಾಂತ ಬೆಟ್ಟಕ್ಕೂ ತಂದಿದ್ದ. ಹತ್ತುವ ಮುನ್ನ ಮೂವರೂ ಜೀಪಿನ ಮೇಲಿನ ಕಂಬಿಗೆ ಬೀಗ ಹಾಕುವುದು, ಇಳಿದವನು ತನ್ನದನ್ನು ತೆಗೆಯುವುದು. ಕಂಬಿಯಲ್ಲಿ ಒಂದು ಬೀಗ ಉಳಿದಿದ್ದರೂ ಜೀಪು ಕದಲುವಂತಿಲ್ಲ.

"ನಾನು ಮಂಡಿನೋವು ಅಂತ ಬೇಗ ಇಳಿದೆ ಮೇಡಂ. ನನ್ನ ಬೀಗ ತೆಗೆದು ಊರೊಳಕ್ಕೆ ಊಟ ಹೇಳಕ್ಕೆ ಹೋದೆ. ವಾಪಸ್ ಬಂದಾಗ ಶಶಾಂಕ ಒಬ್ನೇ ನಿಂತಿದ್ದ. ಕಂಬಿ ಖಾಲಿ. ಒಳಗೆ ಚಾರ್ಜಿಗೆ ಹಾಕಿದ್ದ ರಮಾಕಾಂತನ ಫೋನೂ ಇರ್ಲಿಲ್ಲ. ತಗೊಂಡು ಹೋಗಿದಾನೆ ಅಂದ್ಕೊಂಡೆ."

ಇನ್ಸ್‌ಪೆಕ್ಟರ್ ಜೀಪಿನ ಬಂಪರ್ ಮೇಲೆ ಹತ್ತಿ ನಿಂತರು. ಕಂಬಿಯ ಕಪ್ಪು ಬಣ್ಣ ಒಂದು ಕಡೆ ಹೊಸದಾಗಿ ಕೆರೆದುಹೋಗಿತ್ತು. ಕೆಳಗೆ, ಗಾಜಿನ ಬುಡದ ರಬ್ಬರಿನ ಸಂದಿಯಲ್ಲಿ, ಬೆರಳಿನ ಗೆಣ್ಣಷ್ಟು ಉದ್ದದ ಉಕ್ಕಿನ ತುಂಡೊಂದು ಮಿನುಗಿತು. ಬೀಗದ ಕೊಂಡಿಯದು. ಎರಡೂ ತುದಿ ಕತ್ತರಿಸಿದಂತಿತ್ತು.

"ಕಟರ್ ಇದೆಯಾ ಗಾಡಿಯಲ್ಲಿ?"

"ಇದೆ. ಒಂದ್ಸಲ ನಾನೇ ಕೀಲಿ ಕಳ್ಕೊಂಡಿದ್ದೆ. ಅವತ್ತಿಂದ ಇಟ್ಟಿದೀನಿ." ಧನಂಜಯ ಆ ತುಂಡನ್ನೂ ಕಂಬಿಯನ್ನೂ ನೋಡಿದ. "ಮೇಡಂ... ರಮಾಕಾಂತ ತನ್ನ ಬೀಗ ತಾನೇ ಯಾಕೆ ಕತ್ತರಿಸ್ತಾನೆ?"

"ಅವನು ಕತ್ತರಿಸಿಲ್ಲ. ಅವನು ಇಳಿದೇ ಇಲ್ಲ."

ಪಂಚರಿಬ್ಬರ ಮುಂದೆ ಪಂಚನಾಮೆ ಬರೆದು ಕಟರು, ಉಕ್ಕಿನ ತುಂಡು ವಶಕ್ಕೆ ಪಡೆದರು. ಶಶಾಂಕನ ಫೋನು ಎಲ್ಲಿದೆ ಎಂದು ಕೇಳಿದಾಗ ಬಂದ ಉತ್ತರವೂ ಗಾಂಧಿನಗರವೇ. ಫೋನು ವಿಜಯವಾಡದಲ್ಲಿದೆ, ಮನುಷ್ಯ ಬೆಟ್ಟದಲ್ಲಿದ್ದಾನೆ. ಚಳಿಯಲ್ಲಿ ಒಂದು ರಾತ್ರಿ ಆಗಲೇ ಕಳೆದಿತ್ತು.

ಇನ್ಸ್‌ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ದುರ್ಗಾಂಬ, ದಾರಿ ತೋರಿಸಲು ಧನಂಜಯ ಹೊರಟರು. ಕಮಲಾಕ್ಷಿ ಯಾರನ್ನೂ ಕೇಳದೆ ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ಅವಳನ್ನು ಇಳಿಸುವ ಮನಸ್ಸು ಯಾರಿಗೂ ಬರಲಿಲ್ಲ.

ಎದ್ದುಮೂಪು ಹೆಸರಿಗೆ ತಕ್ಕಂತೆ ಎತ್ತಿನ ಡುಬ್ಬದ ಹಾಗಿನ ಬೆಟ್ಟ. ಮುಂದೆ ಇಳಿಜಾರು, ಬೆನ್ನಿಗೆ ನೇರ ಬಂಡೆ. ಅರಣ್ಯ ಇಲಾಖೆಯ ಇಬ್ಬರು, ಊರಿನ ನಾಲ್ಕು ಜನ ಹಗ್ಗ ಹಿಡಿದು ಬಂದರು. ಹೆಸರು ಕೂಗುತ್ತಾ ಹತ್ತಿದರು. ಬೆಟ್ಟ ಅದೇ ಹೆಸರನ್ನು ತಿರುಗಿ ಕೂಗುತ್ತಿತ್ತು. ನೆತ್ತಿ ಮುಟ್ಟಿದರೂ ಸುಳಿವಿಲ್ಲ. ಹೊತ್ತು ಮಧ್ಯಾಹ್ನ ದಾಟಿತ್ತು. ಇನ್ನೊಂದು ರಾತ್ರಿ ಕಳೆದರೆ ತಾವು ಹುಡುಕುವುದು ಮನುಷ್ಯನನ್ನಲ್ಲ ಎಂದು ಇನ್ಸ್‌ಪೆಕ್ಟರ್‌ಗೆ ಗೊತ್ತಿತ್ತು. ಕೆಳಗೆ ಕಾಯುತ್ತಿದ್ದ ಕಮಲಾಕ್ಷಿಗೂ ಗೊತ್ತಿದ್ದೀತು.

ಆಗ ದುರ್ಗಾಂಬ ಕೈಯೆತ್ತಿದರು. "ಶ್‌!"

ಟಕ್. ಟಕ್. ಕಲ್ಲಿನ ಮೇಲೆ ಕಲ್ಲು ಕುಟ್ಟುವ ಸದ್ದು.

ಎರಡು ಬಂಡೆಗಳ ನಡುವಿನ ಸೀಳು. ಬಾಯಿಗೆ ಹುಲ್ಲು ಮುಚ್ಚಿತ್ತು, ಒಳಗೆ ಕತ್ತಲು. ಹಗ್ಗ ಇಳಿಬಿಟ್ಟರು. ಅದರ ತುದಿ ತಳ ಮುಟ್ಟಿದಾಗ ಒಡೆದ ದನಿಯೊಂದು ಮೇಲೆ ಬಂತು:

"ಶಶಾಂಕಾ... ಬಂದ್ಯೇನೋ?"

ಹಗ್ಗ ಹಿಡಿದಿದ್ದ ಧನಂಜಯ ಮುಖ ಆ ಕಡೆ ತಿರುಗಿಸಿಕೊಂಡ.

ಹಗ್ಗದಲ್ಲಿ ಮೇಲೆ ಬಂದ ರಮಾಕಾಂತನ ಬಲಗಾಲು ತೊಡೆಯ ಬಳಿ ಮುರಿದಿತ್ತು. ಬಾಟಲಿಯಲ್ಲಿ ಒಂದು ಗುಟುಕು ನೀರು ಉಳಿದಿತ್ತು. ಕೊರಳಲ್ಲಿ ದಾರ, ದಾರದಲ್ಲಿ ಕೀಲಿ.

ಎಸ್.ಕೋಟದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಮೇಲೆ ರಮಾಕಾಂತ ಹೇಳಿಕೆ ಕೊಟ್ಟ.

"ಅವಾ ದೂಡಿಲ್ರೀ. ನನ್ನ ಕಾಲ ಜಾರಿತು. ಹಗ್ಗ ತರ್ತೀನಿ, ಅಲ್ಲಾಡಬ್ಯಾಡ ಅಂದು ಓಡಿ ಹೋದ."

"ಅದಕ್ಕೆ ಮೊದಲು ಏನು ಮಾತಾಡಿದ್ರಿ?"

ಅವನು ಹೆಂಡತಿಯ ಮುಖ ನೋಡಿದ. ಎರಡು ತಿಂಗಳ ಹಿಂದೆ ಕಾರ್ಖಾನೆಯ ಟ್ಯಾಂಕಿನಲ್ಲಿ ಒಬ್ಬ ಗುತ್ತಿಗೆ ಕಾರ್ಮಿಕ ಸತ್ತಿದ್ದ. ಪಾಳಿ ಮುಗಿದಿತ್ತು, ಅವನು ಬೀಗ ಮರೆತು ಮನೆಗೆ ಹೋಗಿದ್ದಾನೆಂದು ಭಾವಿಸಿ ಶಶಾಂಕ ಆ ಬೀಗ ಕತ್ತರಿಸಿ ಯಂತ್ರ ಚಾಲೂ ಮಾಡಿಸಿದ್ದ. ಮನುಷ್ಯ ಒಳಗೇ ಇದ್ದ.

"ಕಟರ್ ಅವನ ಕೈಯಾಗ ಇದ್ದದ್ದು ನಾ ನೋಡೇನ್ರೀ. ಮಂಗಳವಾರ ಹೇಳಾಂವ ಇದ್ದೆ. ಅಲ್ಲಿ ಒಮ್ಮಿಗೇ ಹೇಳಿ ಅವನ ಮಾನ ಕಳಿಯೂದಕ್ಕಿಂತ, ಮೊದ್ಲ ಅವಗ ತಿಳಿಸೂಣು ಅಂತ ಗುಡ್ಡಕ್ಕ ಕರಕೊಂಡು ಹೋದೆ."

ಕೊಲೆ ಯತ್ನದ ಕಲಂ ಸೇರಿಸಲು ಇನ್ಸ್‌ಪೆಕ್ಟರ್ ಠಾಣೆಗೆ ತಿಳಿಸುತ್ತಿದ್ದಾಗ ಧನಂಜಯ ಬಂದು ತಲೆ ತಗ್ಗಿಸಿ ನಿಂತ.

"ತಡ್ಕೊಳಕ್ಕೆ ಆಗ್ಲಿಲ್ಲ ಮೇಡಂ. ಶಶಾಂಕನಿಗೆ ಫೋನ್ ಮಾಡಿ ಬಾಯಿಗೆ ಬಂದಂಗೆ ಬೈದ್ಬಿಟ್ಟೆ. ಅವ್ನು ಬದುಕಿದಾನೆ ಕಣೋ ಪಾಪಿ ಅಂದೆ."

"ಬೈದಿಲ್ಲಪ್ಪ ನೀವು. ಓಡು ಅಂತ ಹೇಳಿದ್ರಿ!"

ಆ ಹೊತ್ತಿಗೆ ಸಿಂಹಾಚಲಂ, ಶಶಾಂಕ ತಂಗಿದ್ದ ಗಾಂಧಿನಗರದ ಲಾಡ್ಜಿನ ಬಾಗಿಲಲ್ಲಿದ್ದ. ಕೋಣೆ ಖಾಲಿಯಾಗಿತ್ತು. ಕೆಳಗಿನ ಆಟೋದವನು, ಗನ್ನವರಂ ಏರ್‌ಪೋರ್ಟಿಗೆ ಕಾರು ಹಿಡಿದರು ಎಂದ. ಸಿಂಹಾಚಲಂ ಅದೇ ಆಟೋ ಹತ್ತಿದ. ಐದೂಕಾಲಕ್ಕೆ ಗನ್ನವರಂನಿಂದ ಅವನ ಕರೆ ಬಂತು.

"ಮೇಡಂ, ನೀವು ಕಳಿಸಿದ ಫೋಟೊದಲ್ಲಿ ಟೋಪಿ, ಕಪ್ಪು ಕನ್ನಡಕ ಬಿಟ್ಟು ಏನೂ ಕಾಣಲ್ಲ. ಬೆಂಗಳೂರು ವಿಮಾನದ ಸಾಲು ಇದು. ಅರ್ಧ ಜನ ಹೀಗೇ ಇದ್ದಾರೆ!"

"ಕರೆ ಕಟ್ ಮಾಡಬೇಡ. ಸುಮ್ಮನೆ ಕಿವಿಗೊಟ್ಟು ನಿಲ್ಲು." ಇನ್ಸ್‌ಪೆಕ್ಟರ್ ಕಮಲಾಕ್ಷಿಯ ಕಡೆ ತಿರುಗಿದರು. "ಅಮ್ಮಾ, ನಿಮ್ಮೆಜಮಾನ್ರ ನಂಬರಿಗೆ ಇನ್ನೊಂದ್ಸಲ ಮಾಡು."

ಕಮಲಾಕ್ಷಿ ಒತ್ತಿದಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಸಿಂಹಾಚಲಂನ ಫೋನಿನೊಳಗಿಂದ, ನೂರಾರು ಜನರ ಗದ್ದಲದ ನಡುವಿನಿಂದ, ಸಣ್ಣಗೆ ಒಂದು ವೀಣೆಯ ನಾದ ಕೇಳಿಸಿತು.

"ಅವ್ರ ಫೋನಿಂದ್ರೀ ಅದು!"

"ನೀಲಿ ಬ್ಯಾಗು, ಮೇಡಂ" ಎಂದ ಸಿಂಹಾಚಲಂ. ಸ್ವಲ್ಪ ಈ ಕಡೆ ಬನ್ನಿ ಎಂಬ ಮುಂದಿನ ತೆಲುಗು ಮಾತು ಇನ್ಸ್‌ಪೆಕ್ಟರ್‌ಗೆ ಹೇಳಿದ್ದಲ್ಲ. "ಶಶಾಂಕ್ ಗಾರೂ, ಕೊಂಚೆಂ ಇಟು ರಂಡಿ."

ಶಶಾಂಕ ಓಡಲಿಲ್ಲ. ಬ್ಯಾಗನ್ನು ತಾನೇ ಮುಂದೆ ಚಾಚಿದನಂತೆ.

ಮಂಗಳವಾರ ಬೆಳಿಗ್ಗೆ ದುವ್ವಾಡ ಠಾಣೆಯಲ್ಲಿ ಅವನ ಮುಂದೆ ಚಹಾ ಇಡಿಸಿ ಇನ್ಸ್‌ಪೆಕ್ಟರ್ ಕೇಳಿದರು: "ಹಗ್ಗಕ್ಕೆ ಅಂತಲೇ ಇಳಿದದ್ದಾ?"

"ದೇವರಾಣೆ ಮೇಡಂ. ಬೀಳ್ತಾ ಏಳ್ತಾ ಬಂದೆ. ಜೀಪಿನ ಹಿಂದಿನ ಪೆಟ್ಟಿಗೆ ತೆಗೆದೆ. ಹಗ್ಗದ ಮೇಲೆ ಕಟರ್ ಇತ್ತು. ಹಗ್ಗ ಬೇಕಂದ್ರೆ ಅದನ್ನ ಕೈಯಲ್ಲಿ ಎತ್ತಲೇಬೇಕಿತ್ತು." ಅವನು ತನ್ನ ಅಂಗೈ ನೋಡಿಕೊಂಡ. "ಎತ್ತಿದ ಮೇಲೆ... ಅವನು ಮಂಗಳವಾರ ಹೇಳಿಬಿಟ್ರೆ ಬುಧವಾರ ನನ್ನ ಮಗಳು ಶಾಲೆಗೆ ಏನಂತ ಹೋಗ್ತಾಳೆ ಅನ್ನಿಸ್ತು. ಅಷ್ಟೇ ಅನ್ನಿಸಿದ್ದು."

"ಫೋನನ್ನು ಕೃಷ್ಣಾ ನದಿಗೆ ಎಸೆಯಬಹುದಿತ್ತಲ್ಲ?"

"ಸೇತುವೆವರೆಗೂ ಹೋಗಿದ್ದೆ. ಕಮಲಾಕ್ಷಿ ಅತ್ತಿಗೆ ಫೋನ್ ಮಾಡ್ತಾನೇ ಇದ್ರು ಮೇಡಂ. ರಿಂಗಾಗ್ತಾ ಇರೋ ಫೋನನ್ನ ಹೇಗೆ ಎಸೆಯೋದು? ಆಫ್ ಮಾಡೋಕೂ ಕೈ ಬರ್ಲಿಲ್ಲ."

ಇಪ್ಪತ್ತು ವರ್ಷದ ನೌಕರಿಯಲ್ಲಿ ಇನ್ಸ್‌ಪೆಕ್ಟರ್ ಕಂಡ ಕೆಟ್ಟವರು ಕಡಿಮೆ, ಹೆದರಿದವರೇ ಹೆಚ್ಚು. ಕಲಂ ಮಾತ್ರ ಎರಡೂ ಬಗೆಯವರಿಗೆ ಒಂದೇ.

"ರಮಾಕಾಂತ ನನ್ನ ಬಗ್ಗೆ ಏನಾದ್ರೂ ಅಂದ್ನಾ?"

"ನೀವು ದೂಡಲಿಲ್ಲ ಅಂತ ಎರಡು ಸಲ ಹೇಳಿ ಬರೆಸಿದರು." ಇನ್ಸ್‌ಪೆಕ್ಟರ್ ಕಡತ ಮುಚ್ಚಿದರು. ಅದರಲ್ಲಿ ಇಲ್ಲದ್ದೊಂದು ಉಳಿದಿತ್ತು. ಹೇಳಲೋ ಬೇಡವೋ ಎಂದು ಗಳಿಗೆ ಯೋಚಿಸಿ, ಹೇಳಿದರು. "ನಾವು ಹಗ್ಗ ಇಳಿಬಿಟ್ಟಾಗ, ಅದನ್ನು ತಂದದ್ದು ನೀವೇ ಅಂದುಕೊಂಡರು."

ಶಶಾಂಕನ ಮುಂದಿನ ಚಹಾ ಹಾಗೆಯೇ ಆರಿತು.