ಇಳಿದು ಕೂತ ಪುಗ್ಗೆ

ಬೆಳಿಗ್ಗೆಯಿಂದ ಇಳಕಲ್ಲಿನ ಮಾಳಿಗೆಗಳ ಮೇಲೆ ತೇಲುತ್ತಿದ್ದ ಬಿಳಿ ಬಲೂನು, ಊರವರ ಬಾಯಲ್ಲಿ ಪುಗ್ಗೆ, ಮಧ್ಯಾಹ್ನದ ಹೊತ್ತಿಗೆ ಇಳಿಯತೊಡಗಿತು. ಕೊನೆಗೆ ಡಾಕ್ಟರ್ ಫರ್ಜಾನಾ ಅವರ ಹೆರಿಗೆ ಆಸ್ಪತ್ರೆಯ ಮೇಲೆ, ನಿದ್ದೆ ಬಂದ ಬೆಕ್ಕಿನಂತೆ ಮೆಲ್ಲಗೆ ಕೂತುಬಿಟ್ಟಿತು.

ಹತ್ತಿರದಲ್ಲಿ ಹೆರಿಗೆ ಡಾಕ್ಟರು ಎಲ್ಲಿದ್ದಾರೆಂದು ಬಸುರಿಯರು ಈಗ ಯಾರನ್ನೂ ಕೇಳಬೇಕಿಲ್ಲ. ತಲೆ ಎತ್ತಿದರೆ ಸಾಕು; ಪ್ರತಿ ಹೆರಿಗೆ ಆಸ್ಪತ್ರೆಯ ಮೇಲೂ ಇಂಥದೊಂದು ಪುಗ್ಗೆ. ವೈದ್ಯೆಯ ಕೈಬಳೆ ಅವರ ಬೆರಳಿನ ನಡುಕವನ್ನೂ ನಾಡಿಯ ದಣಿವನ್ನೂ ಓದುತ್ತದೆ. ಕೈ ಚುರುಕಾಗಿದ್ದರೆ ಪುಗ್ಗೆಯೊಳಗಿನ ಗಾಳಿ ಬಿಸಿಯಾಗಿ ಅದು ಏರುತ್ತದೆ; ದಣಿದರೆ ತಣ್ಣಗಾಗಿ ಇಳಿಯುತ್ತದೆ. ಇದನ್ನು ಕಂಡುಹಿಡಿದ ವಾರಿಜಾ ಅಂದು ಪುಗ್ಗೆಯ ತಪಾಸಣೆಗೆಂದು ಊರಿಗೆ ಬಂದಿದ್ದರು.

ಆಸ್ಪತ್ರೆಯ ಕಟ್ಟೆಯ ಮೇಲೆ ಸುಮಂಗಲಾ ಹೊಟ್ಟೆ ಹಿಡಿದು ಕೂತಿದ್ದಳು. ನೋವು ಆಗಷ್ಟೇ ಶುರುವಾಗಿತ್ತು. ಕೂಸಿನ ತಲೆ ಮೇಲಿತ್ತು, ಕಾಲು ಕೆಳಗಿತ್ತು. ನುರಿತ ಕೈಯೇ ಬೇಕಿತ್ತು.

"ಬಾಯಾರ, ಈ ಪುಗ್ಗಿ ನೀವ ಮಾಡಿದ್ದಂತಲ್ಲ? ಎಬ್ಬಸ್ರೀ ಡಾಕ್ಟರನ್ನ!" ಎಂದಳು ಅತ್ತೆ ಸಂಗವ್ವ.

"ಬಳೆ ಅಲುಗಿಸಿದರೆ ಎದ್ದುಬಿಡ್ತಾರೆ," ಎಂದರು ವಾರಿಜಾ. "ಆದರೆ ಎರಡು ರಾತ್ರಿಯಿಂದ ಮಲಗಿಲ್ಲವಂತೆ."

ನರ್ಸು ಕೂಸಿನ ಎದೆಬಡಿತ ಕೇಳಿ ತಲೆಯಾಡಿಸಿದಳು. "ಚಲೋ ಐತ್ರೀ. ಸಂಜೀತನಕ ತಾಳಬಹುದು. ಏನಾರ ಹೆಚ್ಚುಕಮ್ಮಿ ಆದ್ರ ನಾನ ಎಬ್ಬಸ್ತೀನಿ. ಇಲ್ಲಾಂದ್ರ ಬಾಗಲಕೋಟಿ ಪುಗ್ಗಿ ಮ್ಯಾಲೈತಂತ ಫೋನ್ ಬಂದೈತಿ, ಈಗ ಹೊರಡ್ರಿ."

"ಎಲ್ಲಿಗೂ ಬ್ಯಾಡ," ಎಂದಳು ಸುಮಂಗಲಾ. "ಹೋದ ಸಲ ತವರೂರಾಗ ಡಾಕ್ಟರ ಕಣ್ಣು ಎಳೀತಿದ್ದವು ಅತ್ತಿ, ನಾ ನೋಡೀನಿ. ಆ ಕೂಸು ಉಳೀಲಿಲ್ಲ. ಇವರು ಮಲಗಲಿ. ನಾ ಕಾಯ್ತೀನಿ."

ಸಂಗವ್ವ ಸೆರಗು ಸಿಕ್ಕಿಸಿಕೊಂಡು ನೇಕಾರರ ಓಣಿಗೆ ನಡೆದಳು.

"ಮಗ್ಗ ನಿಲ್ಲಸ್ರೋ! ಡಾಕ್ಟರು ಮಲಗ್ಯಾರ, ಕಿವಿ ಅದಾವಿಲ್ಲ ನಿಮಗ?"

"ಮೊದಲ ನಿನ್ನ ಬಾಯಿ ನಿಲ್ಲಸ ಯವ್ವಾ," ಎಂದು ಒಳಗಿನಿಂದ ಯಾರೋ ನಕ್ಕರು. ಆದರೂ ಮಗ್ಗ ನಿಂತಿತು. ಪಕ್ಕದ್ದೂ ನಿಂತಿತು. ಒಂದೊಂದೇ ಸದ್ದು ಕಳಚಿ, ಓಣಿಯೆಲ್ಲ ನೀರಿನಡಿಯ ಊರಿನಂತಾಯಿತು. ಒಣಹಾಕಿದ ಕೆಂಪು ನೂಲು ಗಾಳಿಗೆ ತೂಗುತ್ತಿತ್ತು. ಸುಮಂಗಲಾ ನೋವು ಬಂದಾಗ ನರ್ಸಿನ ಕೈ ಹಿಡಿದಳು, ಹೋದಾಗ ಬಿಟ್ಟಳು. ಕೂಗಲಿಲ್ಲ.

ಬಿಸಿಲು ಓರೆಯಾದಾಗ ಪುಗ್ಗೆ ಮಿಸುಕಿತು, ಮಾಳಿಗೆ ಬಿಟ್ಟು ಎದ್ದಿತು. ಕೂದಲು ಕಟ್ಟಿಕೊಳ್ಳುತ್ತ ಫರ್ಜಾನಾ ಹೊರಗೆ ಬಂದರು.

"ಬಾ ತಂಗಿ, ಭಾಳ ಕಾಯಿಸಿದೆ."

ದೀಪ ಹಚ್ಚುವ ಹೊತ್ತಿಗೆ ಒಳಗೆ ಕೂಸು ಅತ್ತಿತು. ಸಂಗವ್ವ ಕಣ್ಣೊರೆಸಿಕೊಂಡು ವಾರಿಜಾರ ಪಕ್ಕ ಕೂತಳು.

"ಬಾಯಾರ, ನಾ ಹಡಿಯೋ ಕಾಲಕ್ಕ ಈ ಪುಗ್ಗಿ ಇರಲಿಲ್ಲ. ಆಗ ಡಾಕ್ಟರು ದಣೀತಿರಲಿಲ್ಲೇನು?"

"ದಣೀತಿದ್ದರು."

"ಮತ್ತ ನಮಗ್ಯಾಕ ಕಾಣಲಿಲ್ರೀ? ಎದುರಿಗೇ ಕುಂತಿರತಿದ್ವಲ್ಲ."